ಒಂದಡಿ ಹೀರೋ… ನಲವತ್ತು ಸಾವಿರ ರೂಪಾಯಿ!

ಅರ್ನಾಲ್ಡನ ಕೋಟು ಉದುರುತ್ತಿತ್ತು!

ಹೌದು ಗೆಳೆಯರೇ, ಸಾಕ್ಷಾತ್ ಅರ್ನಾಲ್ಡ್ ಶ್ವಾರ್ಜ್‌ನೆಗರ್. 1991ರ 'ಟರ್ಮಿನೇಟರ್ 2'ರಲ್ಲಿ ಕಪ್ಪು ಕನ್ನಡಕ ಏರಿಸಿ, ಕಪ್ಪು ಚರ್ಮದ ಕೋಟು ತೊಟ್ಟು, ಮೋಟಾರ್ ಸೈಕಲ್ ಮೇಲೆ ಬರುತ್ತಾನಲ್ಲ, ಅದೇ ಗೆಟಪ್ಪು. ಎತ್ತರ ಮಾತ್ರ ಒಂದೇ ಅಡಿ. 2025ರ ಮಳೆಗಾಲದ ಒಂದು ಭಾನುವಾರ, ಗಾಜಿನ ಬೀರು ತೆಗೆದು ಧೂಳು ಒರೆಸೋಣ ಅಂತ ಕೈಗೆತ್ತಿಕೊಂಡೆ. ಅಂಗೈ ತುಂಬ ಕಪ್ಪು ಹೊಟ್ಟು! ಭುಜದ ಮೇಲೆ ಒಂದು ಚಕ್ಕೆ, ಮೊಣಕೈ ಹತ್ತಿರ ಇನ್ನೊಂದು ಚಕ್ಕೆ… ಹಪ್ಪಳ ಮುರಿದ ಹಾಗೆ. ಒಳಗಿನ ಬಿಳಿ ಬಟ್ಟೆ ಹಲ್ಲು ಕಿರಿಯುತ್ತಿತ್ತು.

ಹದಿನಾಲ್ಕು ವರ್ಷ ಜೋಪಾನ ಮಾಡಿದ ಹೀರೋ ಸ್ವಾಮೀ! ಬಿಸಿಲು ತಾಗಿಸಿಲ್ಲ. ನೆಂಟರ ಮಕ್ಕಳು ಬಂದರೆ ಬೀರುವಿಗೆ ಬೀಗ. "ಇದೆಲ್ಲ ಮುಂದೆ ಚಿನ್ನದ ಬೆಲೆ ಬಾಳುತ್ತೆ" ಅಂತ ಮನೆಯಲ್ಲಿ ಎಷ್ಟು ಸಲ ಭಾಷಣ ಬಿಗಿದಿದ್ದೆನೋ!

ಅಮ್ಮ ಬಾಗಿಲಲ್ಲಿ ನಿಂತು ನೋಡಿದರು. "ನಮ್ಮ ಪಟ್ಟದ ಬೊಂಬೆ ನನ್ನ ಅಜ್ಜೀದು ಕಣೋ. ಇವತ್ತಿಗೂ ಒಂದು ಮೂಗು ಮುಕ್ಕಾಗಿಲ್ಲ. ಇದಕ್ಕೆಷ್ಟು ಕೊಟ್ಟಿದ್ದೆ?" ಅಂದರು.

ನಾನು ಉತ್ತರ ಕೊಡಲಿಲ್ಲ. 2011ರಲ್ಲಿ ನಮ್ಮ ಭಾವ ಸಿಂಗಪುರದಿಂದ ಸೂಟ್‌ಕೇಸಿನಲ್ಲಿ ಬಟ್ಟೆ ಸುತ್ತಿ ತಂದುಕೊಟ್ಟಾಗ ಏಳು ಸಾವಿರದ ಮೇಲೆ ಚಿಲ್ಲರೆ ಎಣಿಸಿದ್ದೆ. ಆಗ ನನ್ನ ಸಂಬಳ ಹದಿನೈದು ಸಾವಿರ.

ಅದೇ ಸಂಜೆ ನಮ್ಮ ಬೀದಿಯ ಹುಡುಗನೊಬ್ಬ ದೊಡ್ಡದೊಂದು ರಟ್ಟಿನ ಪೆಟ್ಟಿಗೆ ತಬ್ಬಿಕೊಂಡು ಬಂದ. ಎಸ್.ಪಿ. ರೋಡಿನ ಕಂಪ್ಯೂಟರ್ ಅಂಗಡಿಯಲ್ಲಿ ಕೆಲಸ. ತಿಂಗಳಿಗೆ ಇಪ್ಪತ್ತೆಂಟು ಸಾವಿರ. ಈ ಹುಚ್ಚು ಅವನಿಗೆ ಹಿಡಿಸಿದ ಪುಣ್ಯಾತ್ಮ ನಾನೇ! ಮೂರು ವರ್ಷದ ಹಿಂದೆ ನನ್ನ ಬೀರು ನೋಡಿ ಬಾಯಿ ಬಿಟ್ಟವನು ಇನ್ನೂ ಮುಚ್ಚಿಲ್ಲ.

"ಅಣ್ಣಾ, ಐರನ್ ಮ್ಯಾನ್. ಸೀಲ್ ಕೂಡ ಒಡೆದಿಲ್ಲ. ನೀವೇ ಇಟ್ಕೊಳ್ಳಿ, ಅರ್ಜೆಂಟಾಗಿ ದುಡ್ಡು ಬೇಕು."

ಅವನ ಕೊರಳಲ್ಲಿ ಸದಾ ಇರುತ್ತಿದ್ದ ಚಿನ್ನದ ಸರ ಅವತ್ತು ಇರಲಿಲ್ಲ. ನಾನು ನೋಡಿದ್ದನ್ನು ಅವನೂ ನೋಡಿದ. ಇಬ್ಬರೂ ಸುಮ್ಮನಾದೆವು.

ಅವನ ಕಥೆ ಆಮೇಲೆ. ಮೊದಲು ಈ ಬೊಂಬೆಗಳ ಕಥೆ ಕೇಳಿಬಿಡಿ.

ಹೊಸಬರಿಗೆ ಒಂದು ಮಾತು. ಇವು ಜಾತ್ರೆಯಲ್ಲಿ ಸಿಗುವ ಪೀಪಿ ಬೊಂಬೆಗಳಲ್ಲ. ಆರಕ್ಕೊಂದು ಅಳತೆ. ಅಂದರೆ ಆರಡಿ ಆಳು ಒಂದಡಿ ಆಗುತ್ತಾನೆ. ಮೈಯಲ್ಲಿ ಮೂವತ್ತರ ಮೇಲೆ ಕೀಲುಗಳು. ಮುಷ್ಟಿ ಹಿಡಿದದ್ದು, ಬೆರಳು ಚಾಚಿದ್ದು, ಪಿಸ್ತೂಲು ಹಿಡಿಯುವುದು ಅಂತ ನಾಲ್ಕೈದು ಜೊತೆ ಕೈಗಳು; ಬೇಕಾದ್ದು ಸಿಕ್ಕಿಸಿಕೊಳ್ಳಬಹುದು. ಷರಟು, ಬೂಟು, ಬೆಲ್ಟಿನ ಬಕಲು ಎಲ್ಲ ಅದೇ ಅಳತೆಯಲ್ಲಿ. ಇನ್ನು ಮುಖ… ಗಡ್ಡ ಹೆರೆದ ಮೇಲಿನ ಹಸಿರು ನೆರಳು, ಹಣೆಯ ಗೆರೆ, ಕಣ್ಣಿನ ತೇವ! ಕುಂಚ ಹಿಡಿದು ಕೈಯಲ್ಲೇ ಬಣ್ಣ ಹಚ್ಚುತ್ತಾರೆ. ಹತ್ತಿರದಿಂದ ಫೋಟೋ ತೆಗೆದು ತೋರಿಸಿದರೆ ನಟನೇ ಅಂದುಬಿಡುತ್ತೀರಿ. ಕೊರಿಯಾದ ಶಿಲ್ಪಿ ಆರ್ನಿ ಕಿಮ್ ಮಾಡಿದ ಬ್ರೂಸ್ ಲೀ ಮುಖದ ಮುಂದೆ ನಿಂತರೆ ಒಂದು ಕ್ಷಣ ಹಿಂದಕ್ಕೆ ಸರಿಯಬೇಕು, ಎಲ್ಲಿ ಒದ್ದುಬಿಡುತ್ತಾನೋ ಅಂತ!

ಹಾಂಗ್‌ಕಾಂಗಿನ ಹಾಟ್ ಟಾಯ್ಸ್, ಎಂಟರ್‌ಬೇ, ತ್ರೀಝೀರೋ, ಜಪಾನಿನ ಮೆಡಿಕಾಂ, ಕೊರಿಯಾದ ಬ್ಲಿಟ್ಜ್‌ವೇ, ಅಮೆರಿಕಾದ ಸೈಡ್‌ಶೋ… ಇವು ಈ ರಂಗದ ದೊಡ್ಡ ಬ್ಯಾನರುಗಳು. ನನ್ನ ಅರ್ನಾಲ್ಡ್ ಯಾವ ಬ್ಯಾನರಿನವನು ಅಂತ ಮಾತ್ರ ಕೇಳಬೇಡಿ. ಕೋಟು ಉದುರುವ ಕಾಯಿಲೆ ಒಬ್ಬರ ಮನೆಯದಲ್ಲ.

ನಾಲ್ಕು ಡಾಲರಿನ ಸಿಪಾಯಿ

ಈ ಒಂದಡಿ ಹೀರೋಗಳ ಮೂಲಪುರುಷ ಒಬ್ಬ ಸಿಪಾಯಿ. ಹೆಸರು ಜಿ.ಐ. ಜೋ. ಅಮೆರಿಕಾದ ಹ್ಯಾಸ್‌ಬ್ರೋ ಕಂಪೆನಿ 1964ರಲ್ಲಿ ಅವನನ್ನು ಅಂಗಡಿಗೆ ಬಿಟ್ಟಿತು. ಹೆಸರು ಬಂದದ್ದು 1945ರ ಒಂದು ಯುದ್ಧ ಚಿತ್ರದಿಂದ. ನೋಡಿ, ಇಲ್ಲೂ ಸಿನಿಮಾನೇ! ಈ ಐಡಿಯಾ ಕೊಟ್ಟ ಸ್ಟಾನ್ ವೆಸ್ಟನ್ ಎಂಬಾತ ಒಂದು ಲಕ್ಷ ಡಾಲರ್ ಇಸಕೊಂಡು ಕೈತೊಳೆದುಕೊಂಡ. ಕಥೆಯನ್ನು ಒಂದೇ ಗಂಟಿಗೆ ಮಾರಿ ಆಮೇಲೆ ಸಿಲ್ವರ್ ಜ್ಯೂಬಿಲಿ ಪೋಸ್ಟರು ನೋಡಿ ಹೊಟ್ಟೆ ಉರಿದುಕೊಳ್ಳುವ ಸಾಹಿತಿಗಳು ಎಲ್ಲ ಊರಲ್ಲೂ ಇದ್ದಾರೆ ಅನ್ನಿ.

ಆ ಕಾಲಕ್ಕೆ ಹನ್ನೊಂದೂವರೆ ಇಂಚಿನ ಬಾರ್ಬಿ ಹುಡುಗಿಯರ ಮನೆಮನೆಯಲ್ಲಿದ್ದಳು. ಗಂಡುಹುಡುಗರಿಗೆ 'ಬೊಂಬೆ' ಅಂತ ಮಾರಲು ಹೋದರೆ ಅಪ್ಪಂದಿರು ಮುಖ ಸಿಂಡರಿಸುತ್ತಾರೆ. ಅದಕ್ಕೆ ಕಂಪೆನಿಯವರು ಹೊಸದೊಂದು ಹೆಸರು ಹೊಸೆದರು: 'ಆಕ್ಷನ್ ಫಿಗರ್'. ಬೊಂಬೆ ಅನ್ನಬೇಡಿ, ಫೈಟಿಂಗ್ ಮಾಡುವ ಆಳು ಅನ್ನಿ! ಅರವತ್ತು ವರ್ಷದ ಮೇಲೂ ನಾನು ನನ್ನ ಹೆಂಡತಿಗೆ ಇದೇ ವಾದ ಹೂಡುತ್ತಿದ್ದೇನೆ. ಗೆದ್ದಿಲ್ಲ.

ಜೋನ ಬೆಲೆ ಆಗ ನಾಲ್ಕು ಡಾಲರ್. ಇವತ್ತಿನ ಹಣದಲ್ಲಿ ಲೆಕ್ಕ ಹಾಕಿದರೂ ನಲವತ್ತು ಡಾಲರ್ ಆಸುಪಾಸು. ಒಬ್ಬ ಕಾರ್ಖಾನೆ ಕೆಲಸಗಾರ ಮಗನ ಹುಟ್ಟುಹಬ್ಬಕ್ಕೆ ಕೊಡಿಸಬಹುದಾದ ಬೊಂಬೆ. ಈ ಲೆಕ್ಕ ನೆನಪಿಟ್ಟುಕೊಳ್ಳಿ.

1973ರಲ್ಲಿ ಅರಬ್ ದೇಶಗಳು ಎಣ್ಣೆ ಬಿಗಿಹಿಡಿದವು. ಪ್ಲಾಸ್ಟಿಕ್ ಹುಟ್ಟುವುದೇ ಎಣ್ಣೆಯಿಂದ. ದೊಡ್ಡ ಬೊಂಬೆಗಳ ಖರ್ಚು ಮೈಮೇಲೆ ಬಂತು. ಒಂದಡಿ ಜೋ 1976ರಲ್ಲಿ ಅಮೆರಿಕಾದಲ್ಲಿ ತೆರೆಮರೆಗೆ ಸರಿದ. ಮರುವರ್ಷ ಬಂತು ನೋಡಿ 'ಸ್ಟಾರ್ ವಾರ್ಸ್'! ಕೆನ್ನರ್ ಎಂಬ ಕಂಪೆನಿ ಅದರ ಪಾತ್ರಗಳನ್ನು ಮೂರೂಮುಕ್ಕಾಲು ಇಂಚಿಗೆ ಇಳಿಸಿತು. ಚಿತ್ರ ಸೂಪರ್ ಹಿಟ್, ಆದರೆ ಕ್ರಿಸ್ಮಸ್ ಹೊತ್ತಿಗೆ ಬೊಂಬೆ ತಯಾರಿಲ್ಲ. ಏನು ಮಾಡಿದರು ಗೊತ್ತೇ? ಖಾಲಿ ರಟ್ಟು ಮಾರಿದರು! ಒಳಗೆ ಒಂದು ಚೀಟಿ: ಇದನ್ನು ಭರ್ತಿ ಮಾಡಿ ಕಳಿಸಿ, ನಾಲ್ಕು ಬೊಂಬೆ ಟಪಾಲಿನಲ್ಲಿ ಬರುತ್ತವೆ ಅಂತ. ಬೊಂಬೆಗಳು ಬಂದದ್ದು 1978ರಲ್ಲಿ. ಇಲ್ಲದ ವಸ್ತುವಿಗೆ ಮೊದಲೇ ದುಡ್ಡು ಕಟ್ಟಿಸಿಕೊಳ್ಳುವ ವಿದ್ಯೆ ಅವತ್ತೇ ಹುಟ್ಟಿತು. ಇವತ್ತು ಅದಕ್ಕೆ 'ಪ್ರೀ-ಆರ್ಡರ್' ಅಂತ ಮರ್ಯಾದೆಯ ಹೆಸರು.

ಜೋ ಕೂಡ 1982ರಲ್ಲಿ ಅದೇ ಮೂರೂಮುಕ್ಕಾಲು ಇಂಚಿನವನಾಗಿ ಮತ್ತೆ ಬಂದ. ಅವನೇ ಮುಂದೆ ನಮ್ಮ ದೇಶಕ್ಕೂ ಇಳಿದ. ಎಂ.ಆರ್.ಎಫ್. ಟೈರಿನವರು ಹ್ಯಾಸ್‌ಬ್ರೋ ಜೊತೆ ಸೇರಿ 1987ರಲ್ಲಿ ಹುಟ್ಟುಹಾಕಿದ ಫನ್‌ಸ್ಕೂಲ್ ಅವನನ್ನು ಇಲ್ಲೇ ತಯಾರಿಸಿತು. ನನ್ನ ವಯಸ್ಸಿನವರಿಗೆ ನೆನಪಿರಬೇಕು. ನಮ್ಮಪ್ಪ ಬೋನಸ್ ಬಂದಾಗ ಕೊಡಿಸಿದ ಒಂದೇ ಒಂದು ಜೋ, ಎರಡೇ ವಾರದಲ್ಲಿ ಹೆಬ್ಬೆರಳು ಮುರಿದುಕೊಂಡ. ಆಮೇಲೆ ಸೊಂಟದೊಳಗಿನ ರಬ್ಬರ್ ಉಂಗುರ ತುಂಡಾಗಿ ಎರಡು ಭಾಗವಾದ. ಅಮೆರಿಕಾದ ಸಂಗ್ರಾಹಕರು ಈಗ ನಮ್ಮ ಇಂಡಿಯಾದ ಜೋಗಳನ್ನು ಹುಡುಕಿ ಹುಡುಕಿ ಕೊಳ್ಳುತ್ತಾರೆ. ಅಲ್ಲಿ ಬಾರದ ಬಣ್ಣಗಳಲ್ಲಿ ಇಲ್ಲಿ ಬಂದಿದ್ದವಂತೆ! ನನ್ನದು ಯಾವ ಗುಜರಿಯ ಪಾಲಾಯಿತೋ.

ಏಳು ಸಾವಿರದಿಂದ ನಲವತ್ತು ಸಾವಿರಕ್ಕೆ

ಈಗ ಅಸಲು ವಿಷಯಕ್ಕೆ ಬರೋಣ.

ಆಟವಾಡಿ ಬೆಳೆದ ಹುಡುಗರು ದೊಡ್ಡವರಾದರು, ಕೈಗೆ ಸಂಬಳ ಬಂತು. ಒಂದಡಿ ಬೊಂಬೆ ಮತ್ತೆ ತೆರೆಗೆ ಬಂದದ್ದು ಅವರಿಗಾಗಿ. ಹೋವರ್ಡ್ ಚಾನ್ ಎಂಬ ಹಾಂಗ್‌ಕಾಂಗಿನ ಸಂಗ್ರಾಹಕ 2000ದಲ್ಲಿ ಹಾಟ್ ಟಾಯ್ಸ್ ಶುರುಮಾಡಿದಾಗ ಮಾಡಿದ್ದು ಮಿಲಿಟರಿ ಬೊಂಬೆ. ಆಮೇಲೆ ಸಿನಿಮಾ ಪಾತ್ರಗಳು. 2008ರಲ್ಲಿ 'ಐರನ್ ಮ್ಯಾನ್', 'ದಿ ಡಾರ್ಕ್ ನೈಟ್' ಎರಡೂ ಬಿಡುಗಡೆಯಾದ ಮೇಲಂತೂ ಕೇಳಬೇಡಿ, ದಿನಾ ಹೌಸ್‌ಫುಲ್!

ಆಗ ಇಂಥ ಒಂದು ಬೊಂಬೆಯ ಬೆಲೆ ನೂರೈವತ್ತು ಡಾಲರ್ ಆಸುಪಾಸು. 2010ರಲ್ಲಿ ಡಾಲರಿಗೆ ನಲವತ್ತಾರು ರೂಪಾಯಿ. ಅಲ್ಲಿಗೆ 6,900. 2024ರ ಹೊತ್ತಿಗೆ ಮಾಮೂಲಿ ಒಂದಡಿ ಹೀರೋಗೆ 285 ಡಾಲರ್. ಲೋಹ ಬೆರೆಸಿದ ಐರನ್ ಮ್ಯಾನ್ ಬೇಕಾದರೆ ನಾನೂರರ ಮೇಲೆ. ಡಾಲರಿಗೆ 84 ರೂಪಾಯಿ. 285ನ್ನು ಗುಣಿಸಿ ನೋಡಿ: 23,940! ಅಮೆರಿಕಾದವನಿಗೆ ಬೆಲೆ ಎರಡು ಪಟ್ಟೂ ಆಗಿಲ್ಲ, ನಮಗೆ ಮೂರೂವರೆ ಪಟ್ಟು.

ಅಷ್ಟಕ್ಕೇ ಮುಗಿಯಿತೇ? ಆಟಿಕೆಗಳ ಆಮದು ಸುಂಕ 2020ರ ಬಜೆಟ್ಟಿನಲ್ಲಿ ಶೇ. 20ರಿಂದ ಒಮ್ಮೆಲೇ 60ಕ್ಕೆ ಜಿಗಿಯಿತು. 2023ರಲ್ಲಿ 70. ಚೀನಾದ ಅಗ್ಗದ, ಅಪಾಯದ ಆಟಿಕೆಗಳನ್ನು ತಡೆಯಬೇಕು, ಚನ್ನಪಟ್ಟಣದಂಥ ಊರಿನ ಕೆಲಸಗಾರರು ಬದುಕಬೇಕು. ಆ ಉದ್ದೇಶವನ್ನು ನಾನು ತಪ್ಪೆನ್ನಲಾರೆ. ಆದರೆ ಮೂರು ವರ್ಷದ ಕೂಸಿನ ಗಿಲಕಿಗೂ ನಲವತ್ತು ವರ್ಷದ ನನ್ನಂಥವನ ಅರ್ನಾಲ್ಡನಿಗೂ ಸುಂಕದ ಕಟ್ಟೆಯಲ್ಲಿ ಒಂದೇ ತಕ್ಕಡಿ. 23,940ರ ಮೇಲೆ ಶೇ. 70 ಏರಿಸಿದರೆ ನಲವತ್ತು ಸಾವಿರ ದಾಟಿತು. ಸಾಗಣೆ, ಜಿ.ಎಸ್.ಟಿ. ಬೇರೆ!

"ಇಷ್ಟೊಂದು ಯಾಕೆ? ಪ್ಲಾಸ್ಟಿಕ್ ತಾನೇ?" ಅಂತ ನೀವು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ನ್ಯಾಯವಾಗಿ ಹೇಳಬೇಕೆಂದರೆ ಎಲ್ಲವೂ ಲೂಟಿಯಲ್ಲ. 2010ರ ನೂರೈವತ್ತು ಡಾಲರ್ ಅಂದರೆ ಅಮೆರಿಕಾದ ಹಣದುಬ್ಬರದ ಲೆಕ್ಕದಲ್ಲಿ 2024ರ 215 ಡಾಲರ್. ಮಿಕ್ಕ ಎಪ್ಪತ್ತು ಡಾಲರಿಗೆ ಕಾರಣ ಬೇರೆ ಬೇರೆ. ಉಕ್ಕಿನ ಅಚ್ಚು ಕೊರೆಸುವ ಖರ್ಚು ಸಿನಿಮಾ ಸೆಟ್ಟಿನ ಖರ್ಚಿದ್ದ ಹಾಗೆ. ಚಿತ್ರ ಒಂದು ವಾರ ಓಡಲಿ, ಇಪ್ಪತ್ತೈದು ವಾರ ಓಡಲಿ, ಸೆಟ್ಟು ಹಾಕಿದ್ದು ಹಾಕಿದ್ದೇ. ಕಡಿಮೆ ಬೊಂಬೆ ಮಾಡಿದರೆ ತಲೆಗೆ ಬೀಳುವ ಪಾಲು ಹೆಚ್ಚು. ಚಿತ್ರಸಂಸ್ಥೆಗೆ ಹಕ್ಕಿನ ದುಡ್ಡು, ನಟನ ಮುಖ ಬಳಸಲು ಬೇರೆ ಒಪ್ಪಿಗೆ. ಕುಂಚ ಹಿಡಿಯುವ ಚೀನಾದ ಕೆಲಸಗಾರರ ಕೂಲಿಯೂ ಹದಿನೈದು ವರ್ಷದಲ್ಲಿ ಏರಿದೆ. ಏರಲೇಬೇಕು, ಅವರಿಗೂ ಹೊಟ್ಟೆಯಿದೆ. ಕೊರೋನಾ ಬಂದಾಗ ಶಾಂಘೈನಿಂದ ಲಾಸ್ ಏಂಜಲೀಸ್‌ಗೆ ಒಂದು ದೊಡ್ಡ ಕಂಟೇನರ್ ಸಾಗಿಸಲು 2021ರಲ್ಲಿ ಹತ್ತು ಸಾವಿರ ಡಾಲರ್ ದಾಟಿತ್ತು. ಅದಕ್ಕೆ ಮುಂಚೆ ಅದರ ಐದರಲ್ಲೊಂದು ಪಾಲು ಸಾಕಿತ್ತು. ಆಮೇಲೆ ಸಾಗಣೆ ಇಳಿಯಿತು. ಬೊಂಬೆಯ ಬೆಲೆ ಇಳಿಯಿತೇ? ಹೋಟೆಲಿನವರು ಈರುಳ್ಳಿ ತುಟ್ಟಿಯಾದಾಗ ಏರಿಸಿದ ದೋಸೆ ಬೆಲೆಯನ್ನು ಎಂದಾದರೂ ಇಳಿಸಿದ್ದಾರೆಯೇ?

2025ರ ಏಪ್ರಿಲ್‌ನಲ್ಲಿ ಟ್ರಂಪ್ ಸಾಹೇಬರು ಚೀನಾದ ಸರಕಿಗೆ ಶೇ. 145 ಸುಂಕ ಹೊರಿಸಿದಾಗ ಅಮೆರಿಕಾದ ಸಂಗ್ರಾಹಕರಿಗೂ ನಮ್ಮ ಬಿಸಿ ತಟ್ಟಿತು. ಮಕ್ಕಳಿಗೆ ಮೂವತ್ತು ಬೊಂಬೆ ಯಾಕೆ, ಎರಡಿದ್ದರೆ ಸಾಲದೇ ಅನ್ನುವ ಅರ್ಥದ ಮಾತು ಆಗ ಅವರ ಬಾಯಿಂದಲೇ ಬಂತು. ಮೇ ತಿಂಗಳಲ್ಲಿ ಅದನ್ನು 30ಕ್ಕೆ ಇಳಿಸಿದರು ಅನ್ನಿ. ನಮ್ಮಮ್ಮ ಟೀವಿಯಲ್ಲಿ ಆ ಸುದ್ದಿ ನೋಡಿ, "ಅಷ್ಟು ದೊಡ್ಡ ಮನುಷ್ಯ ನಾನು ಹೇಳೋದನ್ನೇ ಹೇಳ್ತಿದ್ದಾನಲ್ಲೋ!" ಅಂದರು.

ಇವೆಲ್ಲ ಸರಿ. ಆದರೆ ನನ್ನ ಅನುಭವದಲ್ಲಿ ಜೇಬಿಗೆ ನಿಜವಾದ ಕತ್ತರಿ ಒಂದು ಬೊಂಬೆಯ ಬೆಲೆಯಲ್ಲ, ಬೊಂಬೆಗಳ ಸಂಖ್ಯೆ. ಟೋನಿ ಸ್ಟಾರ್ಕ್ 2008ರಲ್ಲಿ ಮೂರು ಕವಚ ತೊಟ್ಟ. 2013ರ 'ಐರನ್ ಮ್ಯಾನ್ 3'ರಲ್ಲಿ ಕವಚಗಳ ಸೈನ್ಯವೇ ಹಾರಿಬಂತು. 2019ರ 'ಎಂಡ್‌ಗೇಮ್' ಹೊತ್ತಿಗೆ ಅವನದು 85ನೆಯ ಕವಚ! ಒಂದೇ ಅಚ್ಚಿಗೆ ಅಲ್ಪಸ್ವಲ್ಪ ತಿದ್ದುಪಡಿ, ಬೇರೆ ಬಣ್ಣ, ಬೇರೆ ನಂಬರು. ಒಂದು ಕೊಂಡವನಿಗೆ ಪಕ್ಕದ್ದು ಇಲ್ಲದಿದ್ದರೆ ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದೆ. ನಾನೂ ನಾಲ್ಕು ಕೊಂಡೆ. ಐದನೆಯದಕ್ಕೆ ಮುಂಗಡ ಕೊಟ್ಟು, ಬಾಕಿ ಕಟ್ಟಲಾಗದೆ, ಮುಂಗಡವನ್ನೂ ಕಳೆದುಕೊಂಡೆ. ಅಂಗಡಿಯ ಹೆಸರು ಬೇಡ. ಸಣ್ಣ ಅಕ್ಷರದಲ್ಲಿ ಬರೆದದ್ದನ್ನು ಓದದಿದ್ದದ್ದು ನಾನೇ.

ಬ್ಲಾಕ್ ಟಿಕೆಟ್ಟಿನ ವ್ಯವಹಾರ

"ಆದ್ರೆ ಅಣ್ಣ, ಇದು ಖರ್ಚಲ್ಲ, ಇನ್ವೆಸ್ಟ್‌ಮೆಂಟು" ಅಂತ ನಮ್ಮ ಹುಡುಗ ವಾದಿಸುತ್ತಿದ್ದ. ಅವನಿಗೆ ಹಾಗೆ ಕಲಿಸಿದವನೂ ನಾನೇ.

ಗೆಳೆಯರೇ, ಟಾಕೀಸಿನ ಮುಂದೆ ಬ್ಲಾಕ್ ಟಿಕೆಟ್ ಮಾರುವವನನ್ನು ನೋಡಿದ್ದೀರಲ್ಲ? ಮೊದಲ ದಿನ ಹೌಸ್‌ಫುಲ್ ಬೋರ್ಡು ಬಿದ್ದರೆ ಹತ್ತು ರೂಪಾಯಿಯದು ಮೂವತ್ತು. ಆದರೆ ಥಿಯೇಟರಿನವರು ಇದ್ದಕ್ಕಿದ್ದ ಹಾಗೆ ಎಕ್ಸ್‌ಟ್ರಾ ಷೋ ಹಾಕಿದರೋ, ಅವನು ಕೈಯಲ್ಲಿ ಚೀಟಿ ಹಿಡಿದು ಪಿಳಿಪಿಳಿ! ಬೊಂಬೆಯದೂ ಅದೇ ಆಟ. ತಯಾರಿಕೆ ನಿಂತ ಕೂಡಲೇ ಬೆಲೆ ಎರಡು ಪಟ್ಟು ಏರುತ್ತದೆ. ಎರಡು ವರ್ಷಕ್ಕೆ ಕಂಪೆನಿ ಅದೇ ಪಾತ್ರವನ್ನು '2.0' ಅಂತ ಇನ್ನೂ ಚೆಂದದ ಮುಖ ಕೊಟ್ಟು ಇಳಿಸುತ್ತದೆ. ಹಳೆಯದರ ಬೆಲೆ ಢಮಾರ್! 2008ರ ಜೋಕರನನ್ನೇ ತೆಗೆದುಕೊಳ್ಳಿ. ಹಾಟ್ ಟಾಯ್ಸ್ ಒಂದು ಮಾಡಿತು, ಎರಡನೆಯದು ಮಾಡಿತು. ಆಮೇಲೆ ಚೀನಾದ ಇನ್‌ಆರ್ಟ್ ತಲೆಗೆ ನಿಜವಾದ ಕೂದಲು ನೆಟ್ಟು ಇನ್ನೊಂದು ತಂದಿತು. ಮೊದಲನೆಯದನ್ನು 'ಇದೇ ಕೊನೆ' ಅಂದುಕೊಂಡು ದುಬಾರಿ ದುಡ್ಡು ಸುರಿದವರ ಮುಖ ಜೋಕರನ ಮುಖಕ್ಕಿಂತ ಕೆಟ್ಟದಾಗಿತ್ತು.

ಹಾಗಾದರೆ ಕೋಟಿಗಟ್ಟಲೆಗೆ ಮಾರಿದ ಸುದ್ದಿ ಸುಳ್ಳೇ? ಸುಳ್ಳಲ್ಲ. 'ಸ್ಟಾರ್ ವಾರ್ಸ್'ನ ಬೋಬಾ ಫೆಟ್ ಎಂಬ ಬೊಂಬೆ 2024ರ ಮೇ ತಿಂಗಳಲ್ಲಿ ಅಮೆರಿಕಾದ ಹೆರಿಟೇಜ್ ಹರಾಜಿನಲ್ಲಿ 5,25,000 ಡಾಲರಿಗೆ ಹೋಯಿತು. ನಮ್ಮ ಲೆಕ್ಕದಲ್ಲಿ ನಾಲ್ಕು ಕೋಟಿ ಮೂವತ್ತು ಲಕ್ಷದ ಮೇಲೆ! ಎತ್ತರ ನಾಲ್ಕು ಇಂಚೂ ಇಲ್ಲ. ಆದರೆ ಅದು ಅಂಗಡಿಗೆ ಬಂದ ಬೊಂಬೆಯೇ ಅಲ್ಲ. ಬೆನ್ನಿನಿಂದ ರಾಕೆಟ್ ಹಾರಿಸುವ ಹಾಗೆ 1979ರಲ್ಲಿ ಮಾಡಿದ ಮಾದರಿ. ಮಗುವಿನ ಗಂಟಲಿಗೆ ಸಿಕ್ಕೀತು ಅಂತ ಹೆದರಿ ರಾಕೆಟ್ ಹಾರದಂತೆ ಮಾಡಿಯೇ ಮಕ್ಕಳಿಗೆ ಕೊಟ್ಟರು. ಆ ಕೆಲವೇ ಮಾದರಿಗಳು ಉಳಿದವು. 1964ರ ಜೋನ ಮೊಟ್ಟಮೊದಲ ಮಾದರಿ 2003ರಲ್ಲಿ ಎರಡು ಲಕ್ಷ ಡಾಲರಿಗೆ ಹೋದದ್ದೂ ಹೀಗೇ.

ಇನ್ನು 1978ರ ಸಾಮಾನ್ಯ ಬೊಂಬೆಗಳಿಗೂ ಯಾಕೆ ಬೆಲೆ? ಮಕ್ಕಳು ಅವನ್ನು ಒಡೆದರು, ಮಣ್ಣಲ್ಲಿ ಹೂತರು, ನಾಯಿಗೆ ಕಚ್ಚಿಸಿದರು. ಉಳಿದವು ಕಡಿಮೆ, ಅದಕ್ಕೆ ಬೆಲೆ. 1999ರಲ್ಲಿ 'ಸ್ಟಾರ್ ವಾರ್ಸ್'ನ ಹೊಸ ಚಿತ್ರ ಬಂತು. ಮೇ 3ರ ಮಧ್ಯರಾತ್ರಿ ಅಂಗಡಿ ತೆರೆಸಿ ಬೊಂಬೆ ಮಾರಿದರು. ಈ ಸಲ ಎಲ್ಲರೂ ಜಾಣರು! ಒಬ್ಬರೂ ಸೀಲ್ ಒಡೆಯಲಿಲ್ಲ. ಗೋಣಿಗಟ್ಟಲೆ ಕೊಂಡು ಅಟ್ಟಕ್ಕೆ ಏರಿಸಿದರು. ಇಪ್ಪತ್ತೈದು ವರ್ಷ ಕಳೆದರೂ ಅವುಗಳಲ್ಲಿ ಹೆಚ್ಚಿನವನ್ನು ಕೇಳುವವರಿಲ್ಲ, ಎಲ್ಲರ ಅಟ್ಟದಲ್ಲೂ ಇದೆಯಲ್ಲ! ನಮ್ಮ ಒಂದಡಿ ಹೀರೋಗಳನ್ನಂತೂ ಯಾರೂ ಮಣ್ಣಲ್ಲಿ ಹೂಳುವುದಿಲ್ಲ. ಪ್ರತಿಯೊಬ್ಬನೂ ಬೀರುವಿನಲ್ಲಿಟ್ಟು ಕಾಯುತ್ತಿದ್ದಾನೆ.

ಕಾಯುತ್ತಿರುವಾಗಲೇ ಅವು ಒಳಗಿಂದ ಸಾಯುತ್ತಿರುತ್ತವೆ. ಅರ್ನಾಲ್ಡನ ಕೋಟು ಚರ್ಮವಲ್ಲ. ಬಟ್ಟೆಯ ಮೇಲೆ ಪಾಲಿಯುರೆಥೇನ್ ಎಂಬ ಪದರ ಹಚ್ಚಿದ್ದು. ಗಾಳಿಯಲ್ಲಿನ ತೇವ ಅದರ ಕೊಂಡಿಗಳನ್ನು ಒಂದೊಂದಾಗಿ ಕತ್ತರಿಸುತ್ತದೆ. ಮದುವೆಗೆ ಅಂತ ಎತ್ತಿಟ್ಟ ಷೂ ನಾಲ್ಕು ವರ್ಷ ಬಿಟ್ಟು ಹಾಕಿಕೊಂಡರೆ ನಡುಬೀದಿಯಲ್ಲಿ ಸೋಲು ಪುಡಿಯಾಗುತ್ತದಲ್ಲ, ಅದೇ ಕಾಯಿಲೆ. ಪೆಟ್ಟಿಗೆಯಲ್ಲಿ ಸೀಲು ಮಾಡಿಟ್ಟರೂ ಬಿಡುವುದಿಲ್ಲ. ಮೆತ್ತನೆ ಪ್ಲಾಸ್ಟಿಕ್ ವರ್ಷಗಟ್ಟಲೆ ಕಳೆದರೆ ಎಣ್ಣೆ ಬೆವರಿ ಅಂಟಂಟಾಗುತ್ತದೆ. ಮಾಂಸಖಂಡದ ರಬ್ಬರ್ ಮೈಯನ್ನು ಕೈ ಮಡಿಸಿ ನಿಲ್ಲಿಸಿದರೆ ಮೊಣಕೈ ಸೀಳುತ್ತದೆ. ಬ್ಯಾಟರಿ ಮರೆತು ಬಿಟ್ಟರೆ ಸೋರಿ ಒಳಗೆಲ್ಲ ಕಿಲುಬು. ನಮ್ಮಮ್ಮನ ಪಟ್ಟದ ಬೊಂಬೆ ಮರದ್ದು. ಅದಕ್ಕೆ ಕೀಲೂ ಇಲ್ಲ, ಕಣ್ಣಲ್ಲಿ ಲೈಟೂ ಇಲ್ಲ. ನಾಲ್ಕು ತಲೆಮಾರು ಕಂಡಿದೆ.

ಹುಡುಗನ ಪುಸ್ತಕ

ಆ ಸಂಜೆ ಹುಡುಗನಿಗೆ ಉದುರಿದ ಕೋಟು ತೋರಿಸಿದೆ. ಅವನು ಮಾತಾಡಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಬ್ಯಾಗಿನಿಂದ ಒಂದು ನೋಟ್ ಪುಸ್ತಕ ತೆಗೆದ. ಆರು ಬೊಂಬೆ ಬುಕ್ ಮಾಡಿದ್ದ. ಒಟ್ಟು 2,18,000. ಮುಂಗಡ ಕೊಟ್ಟದ್ದು 26,000. ವರ್ಷದ ಸಂಬಳದ ಮೂರರಲ್ಲಿ ಎರಡು ಪಾಲು! ಇದಲ್ಲದೆ ಈಗಾಗಲೇ ಬಂದ ಐರನ್ ಮ್ಯಾನಿನ ಬಾಕಿ ಕ್ರೆಡಿಟ್ ಕಾರ್ಡಿನಲ್ಲಿ, ತಿಂಗಳಿಗೆ ಶೇ. 3ರ ಮೇಲೆ ಬಡ್ಡಿ. ಸರ ಗಿರವಿ ಅಂಗಡಿಯಲ್ಲಿ. ಅದು ಅವರಮ್ಮ ಹಾಕಿದ ಸರ.

"ಅಮ್ಮಂಗೆ ಗೊತ್ತಾ?"

"ರಿಪೇರಿಗೆ ಕೊಟ್ಟಿದೀನಿ ಅಂದಿದೀನಿ ಅಣ್ಣ."

ನನಗೆ ಬುದ್ಧಿ ಹೇಳುವ ಯೋಗ್ಯತೆಯಿರಲಿಲ್ಲ. ಬೇರೆ ಏನೂ ತೋಚದೆ ಒಂದೊಂದೇ ಹೆಸರು ಓದಿಸಿ ಕೇಳಿದೆ: "ಈ ಪಿಕ್ಚರು ಎಷ್ಟು ಸಲ ನೋಡಿದೀಯೋ?"

ಮೊದಲನೆಯದು ಒಂಬತ್ತು ಸಲ. ಡೈಲಾಗು ಸಮೇತ ಹೇಳಿದ. ಎರಡನೆಯದು ಐದು ಸಲ. ಮೂರನೆಯದು ಒಂದು ಸಲ, "ಸುಮಾರಾಗಿತ್ತು". ನಾಲ್ಕನೆಯದು ಅರ್ಧ ನೋಡಿ ನಿದ್ದೆ ಬಂದಿತ್ತಂತೆ. ಐದು ಮತ್ತು ಆರು… ಅವನು ಪುಸ್ತಕ ಮುಚ್ಚಿದ.

"ನೋಡೇ ಇಲ್ಲ ಅಣ್ಣ. ಸೆಟ್ಟಿಗೆ ಬೇಕು ಅಂತ ಬುಕ್ ಮಾಡ್ದೆ."

ಸಿನಿಮಾ ಹುಚ್ಚಿನಿಂದ ಶುರುವಾದ ವ್ಯವಹಾರ ನೋಡಿ, ಸಿನಿಮಾ ನೋಡದೇ ನಡೆಯುವ ಮಟ್ಟಕ್ಕೆ ಬಂದಿತ್ತು! ಅವನೊಬ್ಬನನ್ನೇ ಯಾಕೆ ಅನ್ನಲಿ, ನನ್ನ ಬೀರುವಿನ ಕೆಳಗಿನ ಅಂಕಣದಲ್ಲೂ ಅಂಥವು ಎರಡಿವೆ.

ನಾಲ್ಕನ್ನು ಅವತ್ತೇ ರದ್ದು ಮಾಡಿದ. ಮುಂಗಡದಲ್ಲಿ ಹದಿನೇಳು ಸಾವಿರ ನೀರಿಗೆ ಹೋಯಿತು. ಐರನ್ ಮ್ಯಾನನ್ನು ನಾನು ಕೊಳ್ಳಲಿಲ್ಲ. ಸುಳ್ಳೇಕೆ, ರಾತ್ರಿ ಅವನು ಹೋದ ಮೇಲೆ ಹತ್ತು ಸಲ ಲೆಕ್ಕ ಹಾಕಿದೆ, ಎಲ್ಲಾದರೂ ಹೊಂದಿಸಬಹುದೇ ಅಂತ! ಕೊನೆಗೆ ಮೈಸೂರಿನ ಒಬ್ಬರು ಇಪ್ಪತ್ತನಾಲ್ಕು ಸಾವಿರಕ್ಕೆ ಒಯ್ದರು. ಅವನಿಗೆ ಬಿದ್ದದ್ದು ಮೂವತ್ತೊಂಬತ್ತು. ದೀಪಾವಳಿಗೆ ಮುಂಚೆ ಸರ ಬಿಡಿಸಿಕೊಂಡ. ಕಾರ್ಡಿನ ಬಾಕಿ ಇನ್ನೂ ಕಟ್ಟುತ್ತಿದ್ದಾನೆ. ಒಂಬತ್ತು ಸಲ ನೋಡಿದ ಚಿತ್ರದ ಬೊಂಬೆ ಮಾತ್ರ ಬರುವ ವರ್ಷ ಬರಬೇಕು. ಅದಕ್ಕೆ ತಿಂಗಳಿಗೆ ಎರಡು ಸಾವಿರದಂತೆ ಡಬ್ಬಿಗೆ ಹಾಕುತ್ತಿದ್ದಾನೆ. ಡಬ್ಬಿ ನಮ್ಮ ಮನೆಯಲ್ಲಿದೆ, ಅವನ ಮೇಲೆ ಅವನಿಗೇ ನಂಬಿಕೆಯಿಲ್ಲ!

ಬಂದ ಕೂಡಲೇ ಸೀಲ್ ಒಡೀತೀನಿ ಅಂದಿದ್ದಾನೆ.

ಇತ್ತ ನನ್ನ ಅರ್ನಾಲ್ಡ್ ಬರಿಮೈಯಲ್ಲಿ ನಿಂತಿದ್ದ. ದಸರಾ ಬೊಂಬೆ ಕೂರಿಸಲು ಒಂದು ವಾರವಿತ್ತು. ಅಮ್ಮ, "ಅವನನ್ನೂ ಮೂರನೇ ಮೆಟ್ಟಿಲಲ್ಲಿ ನಿಲ್ಸು, ಆದರೆ ಮೈಮೇಲೆ ಏನಾದರೂ ಹಾಕಪ್ಪ" ಅಂದರು. ಹೆಂಡತಿಯ ಹಳೆಯ ಕೈಚೀಲ ಒಂದಿತ್ತು, ತೆಳ್ಳನೆ ಅಸಲಿ ಕುರಿಚರ್ಮದ್ದು. ಅದನ್ನೂ ಅರ್ನಾಲ್ಡನನ್ನೂ ಹಿಡಿದುಕೊಂಡು ನಮ್ಮ ಬೀದಿ ತಿರುವಿನ ಟೈಲರ್ ಹತ್ತಿರ ಹೋದೆ. ಅರವತ್ತು ದಾಟಿದ ಮನುಷ್ಯ. ಟೇಪು ಹಿಡಿದು, ಕನ್ನಡಕ ಮೂಗಿಗಿಳಿಸಿ, ಭುಜ, ಎದೆ, ತೋಳು ಎಲ್ಲ ಗಂಭೀರವಾಗಿ ಅಳೆದ.

"ತೋಳು ನಾಲ್ಕಿಂಚೂ ಇಲ್ಲ ಸಾರ್. ಮೆಷಿನ್ನು ಓಡಲ್ಲ, ಕೈಹೊಲಿಗೇನೇ ಆಗ್ಬೇಕು. ಮುನ್ನೂರೈವತ್ತು ಕೊಡಿ."

ಒಪ್ಪಿದೆ. ಅವನು ಬೊಂಬೆಯ ಮುಖವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಏನ್ ಕೆಲಸ ಮಾಡಿದಾರೆ ಸಾರ್! ಯಾರಿದು, ನಮ್ ಟೈಗರ್ ಪ್ರಭಾಕರಾ?"